ಮಡಿಕೇರಿಯ ಸಂಶೋಧನಾ ನೀತಿ ಕಾರ್ಯಾಗಾರ: ನಿಂತು ನೋಡಿದವರ ಕಡೆಯಿಂದ ಒಂದು ವಿಮರ್ಶೆ

ಮಡಿಕೇರಿಯಿಂದ ಗಾಳಿಬೀಡಿನ ಕಡೆಗೆ ಹೋಗುವ ರಸ್ತೆಯಲ್ಲಿರುವ ಒಂದು ಹೋಂಸ್ಟೇಯಲ್ಲಿ ಕಳೆದ ನವೆಂಬರಿನಲ್ಲಿ ನಡೆದ ಎರಡು ದಿನಗಳ ಕಾರ್ಯಾಗಾರದ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಯಾರೋ ಒಬ್ಬರು ಆಪತ್ತಿಗೆ ಸಿಲುಕಿದಾಗ ಸುತ್ತ ಇರುವವರು ಏಕೆ ಮುಂದೆ ಬರುತ್ತಾರೆ, ಏಕೆ ಬರುವುದಿಲ್ಲ ಎಂಬುದನ್ನು ಅಳೆಯುವ ಮನೋವಿಜ್ಞಾನದ ಪ್ರಯೋಗಗಳಲ್ಲಿ ಸಂಶೋಧಕರು ಪಾಲಿಸಬೇಕಾದ ನೀತಿಯೇ ಅದರ ವಿಷಯವಾಗಿತ್ತು. ಶುಲ್ಕ 3,500 ರೂಪಾಯಿ; ಊಟ, ಕಾಫಿ ಮತ್ತು ಸುಮಾರು ನೂರು ಪುಟಗಳ ಕೈಪಿಡಿ ಅದರಲ್ಲೇ ಸೇರಿತ್ತು, ಉಳಿದುಕೊಳ್ಳುವವರು ಕೋಣೆಗೆ ಬೇರೆ ಹಣ ಕೊಡಬೇಕಿತ್ತು. ನಾವು 22 ಮಂದಿ ಇದ್ದೆವು: ಕಾಲೇಜು ಉಪನ್ಯಾಸಕರು, ಸ್ನಾತಕೋತ್ತರ ವಿದ್ಯಾರ್ಥಿಗಳು, ಸ್ವಯಂಸೇವಾ ಸಂಸ್ಥೆಗಳಲ್ಲಿ ದುಡಿಯುವವರು, ಇಬ್ಬರು ಆಪ್ತಸಮಾಲೋಚಕರು. ತರಬೇತಿ ನಡೆಸಿದ್ದು ಜಿಲ್ಲೆಯ ಹೊರಗಿನಿಂದ ಬಂದ ಒಂದು ಸಂಸ್ಥೆ. ಅದರ ಹೆಸರನ್ನು ಬರೆಯುತ್ತಿಲ್ಲ. ನನ್ನ ಆಕ್ಷೇಪಗಳನ್ನು ಅವರಿಗೆ ಲಿಖಿತವಾಗಿ ತಿಳಿಸಿದ್ದೇನೆ, ಇಲ್ಲಿ ಹೇಳುವ ಮಾತುಗಳು ಇಂಥ ತರಬೇತಿ ಕೊಡುವ ಯಾರಿಗೇ ಆದರೂ ಅನ್ವಯಿಸುತ್ತವೆ.

ನಾನು ಹೋದ ಕಾರಣವನ್ನು ಮೊದಲೇ ಹೇಳುತ್ತೇನೆ, ಏಕೆಂದರೆ ನನ್ನ ಅಳತೆಗೋಲು ಅದರಿಂದಲೇ ಬಂದದ್ದು. ದಕ್ಷಿಣ ಕೊಡಗಿನ ಒಂದು ಕಾಲೇಜಿನಲ್ಲಿ ನಾನು ಮನೋವಿಜ್ಞಾನ ಕಲಿಸುತ್ತೇನೆ. ಕಳೆದ ವರ್ಷ ಪದವಿಯ ನಾಲ್ವರು ವಿದ್ಯಾರ್ಥಿಗಳು ಬಸ್ ನಿಲ್ದಾಣದಲ್ಲಿ ತಮ್ಮಲ್ಲೊಬ್ಬ ಮೂರ್ಛೆ ಹೋದಂತೆ ನಟಿಸುವುದಾಗಿಯೂ, ಉಳಿದವರು ದೂರದಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ಎಷ್ಟು ಜನ ಸಹಾಯಕ್ಕೆ ಬಂದರು ಎಂದು ಎಣಿಸುವುದಾಗಿಯೂ ಪ್ರಾಜೆಕ್ಟ್ ಪ್ರಸ್ತಾವ ತಂದರು. ಬೇಡ ಎಂದೆ. "ಅಮೆರಿಕದಲ್ಲಿ ಇದನ್ನೇ ಮಾಡಿದ್ದಾರಲ್ಲ ಮೇಡಂ, ನಮ್ಮ ಪಠ್ಯದಲ್ಲೇ ಇದೆ" ಎಂದರು. ಅವರ ಮಾತು ಸುಳ್ಳಲ್ಲ. ಪಠ್ಯದಲ್ಲಿ ಪ್ರಯೋಗವೂ ಇದೆ, ಫಲಿತಾಂಶವೂ ಇದೆ. ಅದನ್ನು ಇಂದು ಹಾಗೆಯೇ ಏಕೆ ಮಾಡಬಾರದು ಎಂಬುದಕ್ಕೆ ಇರುವುದು ಎರಡು ಸಾಲು. ಬೇಡ ಎನ್ನುವ ಅಧಿಕಾರ ನನಗಿತ್ತೇ ಹೊರತು, ಅವರಿಗೆ ಒಪ್ಪಿಗೆಯಾಗುವಂತೆ ಕಾರಣ ಹೇಳುವ ಸಿದ್ಧತೆ ಇರಲಿಲ್ಲ. ಆ ಸಿದ್ಧತೆ ಸಿಗುತ್ತದೆ ಎಂಬ ನಂಬಿಕೆಯಿಂದ ಹೆಸರು ನೋಂದಾಯಿಸಿದೆ.

ಮೊದಲ ದಿನದ ಬೆಳಗಿನ ಉಪನ್ಯಾಸ ನಾನು ಈಚಿನ ವರ್ಷಗಳಲ್ಲಿ ಕೇಳಿದವುಗಳಲ್ಲೇ ಉತ್ತಮವಾದದ್ದು. ಅಮೆರಿಕದ ಮನೋವಿಜ್ಞಾನಿಗಳಾದ ಜಾನ್ ಡಾರ್ಲಿ ಮತ್ತು ಬಿಬ್ ಲಟಾನೆ 1968ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಅದು ಆರಂಭವಾಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಒಬ್ಬೊಬ್ಬರಾಗಿ ಸಣ್ಣ ಕೋಣೆಗಳಲ್ಲಿ ಕೂರಿಸಿ, ಕಾಲೇಜು ಜೀವನದ ಕಷ್ಟಗಳ ಬಗ್ಗೆ ಮೈಕಿನ ಮೂಲಕ ಇತರರೊಡನೆ ಮಾತನಾಡಿ ಎಂದು ಹೇಳಲಾಗಿತ್ತು. ಸ್ವಲ್ಪ ಹೊತ್ತಿನಲ್ಲಿ, ಮಾತನಾಡುತ್ತಿದ್ದವರಲ್ಲಿ ಒಬ್ಬನಿಗೆ ಅಪಸ್ಮಾರದಂತಹ ಸೆಳೆತ ಬಂದು ಅವನು ತೊದಲುತ್ತಾ ಸಹಾಯ ಕೇಳುವುದು ಕಿವಿಗೆ ಬೀಳುತ್ತಿತ್ತು. ಆ ಧ್ವನಿ ಮೊದಲೇ ಮುದ್ರಿಸಿಟ್ಟದ್ದು. ಕೇಳಿಸಿಕೊಳ್ಳುತ್ತಿರುವುದು ತಾನೊಬ್ಬನೇ ಎಂದು ನಂಬಿದವರಲ್ಲಿ ಶೇಕಡಾ 85 ಮಂದಿ ಸೆಳೆತ ಮುಗಿಯುವ ಮೊದಲೇ ಎದ್ದುಹೋಗಿ ತಿಳಿಸಿದರು. ತನ್ನಂತೆ ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆ ಎಂದು ನಂಬಿದವರಲ್ಲಿ ಹಾಗೆ ಮಾಡಿದವರು ಶೇಕಡಾ 31 ಮಾತ್ರ. ಈ ಅಂಕಿಗಳನ್ನು ನಾನು ಹತ್ತಾರು ವರ್ಷಗಳಿಂದ ಹಲಗೆಯ ಮೇಲೆ ಬರೆಯುತ್ತಾ ಬಂದಿದ್ದೇನೆ. ಆದರೆ ಉಪನ್ಯಾಸಕಿ ಅಂಕಿಗಳಲ್ಲಿ ನಿಲ್ಲದೆ, ಮೂಲ ಪ್ರಬಂಧದಲ್ಲಿರುವ, ತರಗತಿಗಳಲ್ಲಿ ನಾವು ಬಿಟ್ಟೇಬಿಡುವ ಒಂದು ವಿವರವನ್ನು ಓದಿಸಿದರು. ಎದ್ದುಹೋಗದೆ ಕುಳಿತಿದ್ದವರ ಬಳಿಗೆ ಸಂಶೋಧಕರು ಬಂದಾಗ ಅವರಲ್ಲಿ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವರಿತ್ತು, "ಅವನು ಹೇಗಿದ್ದಾನೆ, ಯಾರಾದರೂ ನೋಡಿಕೊಳ್ಳುತ್ತಿದ್ದಾರೆಯೇ" ಎಂದು ಅವರೇ ಮೊದಲು ಕೇಳಿದರು. ಸಹಾಯಕ್ಕೆ ಹೋದವರಿಗಿಂತ ಹೋಗದೆ ಉಳಿದವರೇ ಹೆಚ್ಚು ಕಳವಳಗೊಂಡಂತೆ ಕಂಡಿತೆಂದು ಸಂಶೋಧಕರು ಬರೆದಿದ್ದಾರೆ. ಅಂದರೆ ಅವರು ಕಲ್ಲುಮನಸ್ಸಿನವರಲ್ಲ. ಏನು ಮಾಡಬೇಕೆಂದು ತೀರ್ಮಾನಕ್ಕೆ ಬರಲಾಗದೆ ಒದ್ದಾಡುತ್ತಿದ್ದವರು. ಆ ಒದ್ದಾಟವನ್ನು ಅವರಿಗೆ ತಂದಿಟ್ಟದ್ದು ಪ್ರಯೋಗ. ಕೊನೆಯಲ್ಲಿ ನಿಜ ತಿಳಿಸಿದಾಗ ಆ ಸುಳ್ಳು ಅಗತ್ಯವಾಗಿತ್ತೆಂದು ಭಾಗವಹಿಸಿದವರು ಒಪ್ಪಿದರು ಎಂಬುದನ್ನೂ ಪ್ರಬಂಧ ಹೇಳುತ್ತದೆ, ಅದನ್ನೂ ಉಪನ್ಯಾಸಕಿ ಮುಚ್ಚಿಡಲಿಲ್ಲ. ಆದರೂ ನಡುಗುವ ಕೈಗಳ ಹೊಣೆ ಯಾರದು ಎಂಬ ಪ್ರಶ್ನೆಯನ್ನು ನಮ್ಮ ಮುಂದಿಟ್ಟು ಕಾಫಿಗೆ ಬಿಟ್ಟರು.

ಅದರ ನಂತರ ಸುರಂಗ ರೈಲಿನ ಪ್ರಯೋಗ. 1968ರ ಬೇಸಿಗೆಯ ತಿಂಗಳುಗಳಲ್ಲಿ ನಡೆದು 1969ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಪಿಲಿಯಾವಿನ್ ದಂಪತಿ ಮತ್ತು ಜುಡಿತ್ ರೋಡಿನ್ ಅವರ ತಂಡ, ನ್ಯೂಯಾರ್ಕಿನ ರೈಲು ಏಳೂವರೆ ನಿಮಿಷ ಎಲ್ಲೂ ನಿಲ್ಲದೆ ಓಡುವ ಒಂದು ಹಾದಿಯನ್ನು ಆರಿಸಿಕೊಂಡು, ಡಬ್ಬಿಯಲ್ಲಿ ಒಬ್ಬ ಕುಸಿದು ಬೀಳುವಂತೆ 103 ಬಾರಿ ನಟಿಸಿತು. ಬಿದ್ದವನ ಕೈಯಲ್ಲಿ ಊರುಗೋಲು ಇದ್ದ 65 ಬಾರಿಗಳಲ್ಲಿ 62 ಬಾರಿ ಪ್ರಯಾಣಿಕರು ತಾವಾಗಿಯೇ ನೆರವಿಗೆ ಬಂದರು. ಅವನು ಕುಡಿದವನಂತೆ ಕಂಡ 38 ಬಾರಿಗಳಲ್ಲಿ 19 ಬಾರಿ ಬಂದರು. ಜನ ಸಹಾಯ ಮಾಡುವುದಿಲ್ಲ ಎಂದು ಗೊಣಗುವವರಿಗೆ ತೋರಿಸಬೇಕಾದ ಫಲಿತಾಂಶ ಇದು. ಆದರೆ ಆ ಡಬ್ಬಿಗಳಲ್ಲಿದ್ದ ಸುಮಾರು 4,450 ಪ್ರಯಾಣಿಕರಲ್ಲಿ ಯಾರನ್ನೂ ಮೊದಲು ಕೇಳಿರಲಿಲ್ಲ, ಆಮೇಲೆ ಯಾರಿಗೂ ಹೇಳಲಿಲ್ಲ. ತಾನೊಂದು ಪ್ರಯೋಗದಲ್ಲಿದ್ದೆ ಎಂಬುದೇ ತಿಳಿಯದೆ, "ಅಂದು ಎದುರಿಗೆ ಒಬ್ಬ ಬಿದ್ದಾಗ ನಾನು ಎದ್ದು ಬೇರೆ ಕಡೆಗೆ ಹೋದೆ" ಎಂಬ ನೆನಪನ್ನು ಹೊತ್ತುಕೊಂಡು ಮನೆಗೆ ಹೋದವರು ಅವರಲ್ಲಿ ಇದ್ದೇ ಇರಬೇಕು. ನನ್ನ ವಿದ್ಯಾರ್ಥಿಗಳ ಬಸ್ ನಿಲ್ದಾಣದ ಪ್ರಸ್ತಾವಕ್ಕೆ ನೇರ ಉತ್ತರ ನನಗೆ ಸಿಕ್ಕಿದ್ದು ಇಲ್ಲಿ.

ಕೈಪಿಡಿಯ ಬಗ್ಗೆ ನನ್ನ ಮೊದಲ ಆಕ್ಷೇಪ ಕಿಟ್ಟಿ ಜೆನೊವೀಸ್ ಪ್ರಕರಣದ ಪುಟದ್ದು. 1964ರ ಮಾರ್ಚ್ 13ರ ನಸುಕಿನಲ್ಲಿ ನ್ಯೂಯಾರ್ಕಿನ ಕ್ಯೂ ಗಾರ್ಡನ್ಸ್ ಬಡಾವಣೆಯಲ್ಲಿ 28 ವರ್ಷದ ಈ ಯುವತಿಯ ಕೊಲೆಯಾದಾಗ 38 ಜನ ಕಿಟಕಿಯಿಂದ ನೋಡುತ್ತಾ ನಿಂತಿದ್ದರು, ಯಾರೂ ಪೊಲೀಸರಿಗೆ ತಿಳಿಸಲಿಲ್ಲ ಎಂದು ಕೈಪಿಡಿ ಬರೆದಿದೆ. ಎರಡು ವಾರಗಳ ನಂತರ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂದ ವರದಿಯ ಕಥೆ ಇದು, ಇಡೀ ಸಂಶೋಧನಾ ಕ್ಷೇತ್ರವೇ ಇದರಿಂದ ಹುಟ್ಟಿತು ಎಂಬುದೂ ನಿಜ. ಆದರೆ ಮ್ಯಾನಿಂಗ್, ಲೆವೀನ್ ಮತ್ತು ಕಾಲಿನ್ಸ್ 2007ರಲ್ಲಿ ದಾಖಲೆಗಳನ್ನು ಪರಿಶೀಲಿಸಿ, 38 ಮಂದಿ ಸುಮ್ಮನೆ ನಿಂತು ನೋಡಿದರು ಎಂಬುದಕ್ಕೆ ಆಧಾರವಿಲ್ಲ ಎಂದು ತೋರಿಸಿದ್ದಾರೆ. ಹೆಚ್ಚಿನವರು ಕೇಳಿದ್ದು ಕೂಗನ್ನು ಮಾತ್ರ. ಎರಡನೆಯ ಹಲ್ಲೆ ನಡೆದದ್ದು ಬೀದಿಯಿಂದ ಕಾಣದ ಮೆಟ್ಟಿಲಿನ ಬಳಿ. ನೆರೆಮನೆಯ ಹೆಣ್ಣುಮಗಳೊಬ್ಬಳು ಕೆಳಗಿಳಿದು ಬಂದು ಸಾಯುತ್ತಿದ್ದ ಆಕೆಯನ್ನು ತೋಳಿನಲ್ಲಿ ಹಿಡಿದಿದ್ದಳು. ತನ್ನ ವರದಿ ದೋಷಪೂರ್ಣವಾಗಿತ್ತೆಂದು ಪತ್ರಿಕೆಯೇ 2016ರಲ್ಲಿ ಒಪ್ಪಿಕೊಂಡಿದೆ. ಬೇರೆ ವಿಷಯದ ಕೈಪಿಡಿಯಾಗಿದ್ದರೆ ಇದು ತಿದ್ದಬಹುದಾದ ಒಂದು ತಪ್ಪು ಎಂದು ಬಿಡುತ್ತಿದ್ದೆ. ಸಂಶೋಧನಾ ನೀತಿಯ ಕೈಪಿಡಿಯಲ್ಲಿ ಇದನ್ನು ಬಿಡಲಾಗದು. ಒಂದು ಬಡಾವಣೆಯ ಜನರನ್ನು ಅವರ ಒಪ್ಪಿಗೆ ಇಲ್ಲದೆ, ಅವರಿಗೆ ಉತ್ತರ ಕೊಡುವ ಅವಕಾಶವೂ ಇಲ್ಲದೆ, ಅರ್ಧ ಶತಮಾನ ಕಾಲ ಜಗತ್ತಿನ ಎಲ್ಲ ತರಗತಿಗಳಲ್ಲೂ ನಿರ್ದಯಿಗಳೆಂದು ತೋರಿಸುತ್ತಾ ಬಂದದ್ದು ಕೂಡ ನೀತಿಯ ಪ್ರಶ್ನೆಯೇ, ಅದರಲ್ಲಿ ನನ್ನ ತರಗತಿಯೂ ಸೇರಿದೆ. ಮುಂದಿನ ಮುದ್ರಣದಲ್ಲಿ ಈ ಪುಟವನ್ನು ಹೊಸದಾಗಿ ಬರೆಯುವುದಾಗಿ ಉಪನ್ಯಾಸಕಿ ಹೇಳಿದರು.

ಮಧ್ಯಾಹ್ನದ ಅವಧಿ ಸಮ್ಮತಿ ಪತ್ರದ್ದು. ಮನುಷ್ಯರ ಮೇಲಿನ ಸಂಶೋಧನೆಗೆ ನಿಯಮ ಹೇಳುವ ದಾಖಲೆಗಳಾದ 1947ರ ನ್ಯೂರೆಂಬರ್ಗ್ ಸಂಹಿತೆ, 1964ರ ಹೆಲ್ಸಿಂಕಿ ಘೋಷಣೆ, ವ್ಯಕ್ತಿಗೌರವ, ಹಿತ ಮತ್ತು ನ್ಯಾಯ ಎಂಬ ಮೂರು ತತ್ವಗಳನ್ನು ಹೇಳುವ 1979ರ ಬೆಲ್ಮಾಂಟ್ ವರದಿ, ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಇವನ್ನು ಅರ್ಧ ಗಂಟೆಯಲ್ಲಿ ಮುಗಿಸಿದ್ದು ಸರಿಯಾಗಿಯೇ ಇತ್ತು, ಏಕೆಂದರೆ ನಿಜವಾದ ಕೆಲಸ ಅದರ ನಂತರ ಶುರುವಾಯಿತು. ನಮ್ಮನ್ನು ಗುಂಪುಗಳಾಗಿ ಮಾಡಿ, ಕಾಫಿ ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕರ ನಡುವೆ "ಜಗಳ ಕಂಡಾಗ ನೀವು ಏನು ಮಾಡುತ್ತೀರಿ" ಎಂಬ ಸಂದರ್ಶನಕ್ಕೆ ಸಮ್ಮತಿ ಪತ್ರ ಬರೆಯಲು ಹೇಳಿದರು. ನಮ್ಮ ಗುಂಪಿನಲ್ಲಿ ಪೊನ್ನಂಪೇಟೆ ಕಡೆಯ ತೋಟಗಳಲ್ಲಿ ಹನ್ನೆರಡು ವರ್ಷ ಆರೋಗ್ಯ ಕೆಲಸ ಮಾಡಿದ ಒಬ್ಬ ಅಕ್ಕ ಇದ್ದರು. ನಾವು ಬರೆದ ಮೊದಲ ಕರಡನ್ನು ಓದಿ ಅವರು ಕೇಳಿದ್ದು ಒಂದೇ ಪ್ರಶ್ನೆ: "ಇದನ್ನು ಹಿಡಿದುಕೊಂಡು ನೀವು ಲೈನಿಗೆ ಹೋಗುವುದು ಯಾರ ಜೊತೆ?" ರೈಟರ, ಅಂದರೆ ತೋಟದ ಲೆಕ್ಕಪತ್ರ, ಉಸ್ತುವಾರಿ ನೋಡುವ ನೌಕರರ, ಜೊತೆ ಎಂದೆವು. ತೋಟದ ಗೇಟು ದಾಟಲು ಮಾಲೀಕರ ಅನುಮತಿ ಬೇಕು, ಮಾಲೀಕರು ರೈಟರನ್ನು ಜೊತೆಗೆ ಕಳಿಸುತ್ತಾರೆ, ರೈಟರು ಪಕ್ಕದಲ್ಲಿ ನಿಂತಿರುವಾಗ ಕಾರ್ಮಿಕ ಹೆಬ್ಬೆಟ್ಟು ಒತ್ತುತ್ತಾನೆ. ಆ ಹೆಬ್ಬೆಟ್ಟು ಮಾಲೀಕರ ಅನುಮತಿಗೆ ಸಾಕ್ಷಿಯಾಗಬಹುದು, ಕಾರ್ಮಿಕನ ಸಮ್ಮತಿಗೆ ಸಾಕ್ಷಿಯಲ್ಲ. ಭಾಷೆಯದು ಇನ್ನೊಂದು ಕಷ್ಟ. "ಯಾವುದೇ ಹಂತದಲ್ಲಿ ಹಿಂದೆ ಸರಿಯುವ ಹಕ್ಕನ್ನು ತಾವು ಹೊಂದಿರುತ್ತೀರಿ" ಎಂಬ ಕೈಪಿಡಿಯ ಮಾದರಿ ವಾಕ್ಯವನ್ನು ಮನೆಯಲ್ಲಿ ಯರವ ಭಾಷೆ ಆಡುವ ಒಬ್ಬ ತಾಯಿಗೆ ಓದಿ ಹೇಳಿದರೆ ಏನೂ ತಲುಪುವುದಿಲ್ಲ. ನಮ್ಮ ಅಕ್ಕ ಅದನ್ನು "ನಡುವಲ್ಲಿ ಬೇಡ ಅನಿಸಿದರೆ ಎದ್ದು ಹೋಗಿ, ನಿಮ್ಮ ಕೂಲಿಗೂ ಮನೆಗೂ ಏನೂ ಆಗುವುದಿಲ್ಲ" ಎಂದು ಬದಲಿಸಿದರು. ಲೈನಿನಲ್ಲಿ ಕೂಲಿ ಮತ್ತು ಮನೆ ಒಂದೇ ಕೈಯಲ್ಲಿರುವುದರಿಂದ ಆ ಎರಡನೆಯ ಭಾಗವಿಲ್ಲದೆ ಮೊದಲ ಭಾಗಕ್ಕೆ ಅರ್ಥವೇ ಇಲ್ಲ. ಈ ಒಂದು ಅವಧಿಗಾಗಿ ಕೊಟ್ಟ ಹಣ ಸಾರ್ಥಕವಾಯಿತೆಂದು ನನಗೆ ಅನಿಸಿತು, ಅದನ್ನು ಕಲಿಸಿದವರು ಉಪನ್ಯಾಸಕರಲ್ಲ, ನಮ್ಮೊಳಗೇ ಇದ್ದ ಒಬ್ಬರು ಎಂಬುದನ್ನೂ ದಾಖಲಿಸುತ್ತೇನೆ.

ಗೋಪ್ಯತೆಯ ವಿಷಯದಲ್ಲಿ ಮಾತ್ರ ಕೈಪಿಡಿ ನಮ್ಮ ಜಿಲ್ಲೆಗೆ ಹೊಂದುವಂತಿರಲಿಲ್ಲ. ಹೆಸರು ತೆಗೆದು ಊರು, ವಯಸ್ಸು, ಉದ್ಯೋಗ ಇಟ್ಟರೆ ಸಾಕು ಎನ್ನುತ್ತದೆ ಅದು. ದೊಡ್ಡ ನಗರದಲ್ಲಿ ಸಾಕಾಗಬಹುದು. 2011ರ ಜನಗಣತಿಯಂತೆ ಇಡೀ ಕೊಡಗಿನ ಜನಸಂಖ್ಯೆ ಸುಮಾರು ಐದೂವರೆ ಲಕ್ಷ. ಇಲ್ಲಿ ಒಕ್ಕದ, ಅಂದರೆ ಕೊಡವ ಮನೆತನದ, ಹೆಸರು ಗೊತ್ತಾದರೆ ಆ ಮನೆತನದ ಮೂಲಮನೆಯಾದ ಐನ್‌ಮನೆ ಗೊತ್ತಾಗುತ್ತದೆ, ಐನ್‌ಮನೆ ಗೊತ್ತಾದರೆ ಇಂಥವರ ಮಗ, ಇಂಥವರ ಅಳಿಯ ಎಂದು ಹೇಳಲು ಮುಂದಿನ ಮದುವೆಯ ಊಟ ಮುಗಿಯುವಷ್ಟು ಹೊತ್ತು ಸಾಕು. "ಕಕ್ಕಬ್ಬೆ ಕಡೆಯ, ಐವತ್ತು ದಾಟಿದ, ಸೇನೆಯಿಂದ ನಿವೃತ್ತರಾದ ಬೆಳೆಗಾರರೊಬ್ಬರು ಅಪಘಾತ ಕಂಡೂ ಜೀಪು ನಿಲ್ಲಿಸಲಿಲ್ಲ" ಎಂದು ಪ್ರಬಂಧದಲ್ಲಿ ಬರೆದರೆ, ಹೆಸರು ಬರೆಯದಿದ್ದರೂ ಊರು ತಾನೇ ಹುಡುಕಿಕೊಳ್ಳುತ್ತದೆ, ಬಹುಶಃ ತಪ್ಪಾದ ವ್ಯಕ್ತಿಯನ್ನೇ ಹುಡುಕುತ್ತದೆ. ಈ ಮಾತನ್ನು ಎತ್ತಿದಾಗ ತರಬೇತಿಯವರ ಬಳಿ ಸಿದ್ಧ ಉತ್ತರ ಇರಲಿಲ್ಲ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ. ಎರಡನೆಯ ದಿನ ಬೆಳಿಗ್ಗೆ ಹತ್ತೂವರೆಯ ಕಾಫಿ ವಿರಾಮದಲ್ಲಿ ನಾವೆಲ್ಲ ಜಗಲಿಯಲ್ಲಿ ನಿಂತಿದ್ದಾಗ, ತರಬೇತಿ ತಂಡದ ಕಿರಿಯ ಸಹಾಯಕನೊಬ್ಬ ಕೈಯಲ್ಲಿದ್ದ ಲೋಟದ ಸಮೇತ ಕುಸಿದು ಬಿದ್ದ. ಲೋಟ ಒಡೆಯಿತು, ಕಣ್ಣು ಮೇಲಾಯಿತು. ಹಿಂದಿನ ದಿನ ನಮ್ಮ ಗುಂಪಿನಲ್ಲಿದ್ದ ಅಕ್ಕ ಓಡಿಹೋಗಿ ಅವನ ತಲೆಯನ್ನು ಒಂದು ಪಕ್ಕಕ್ಕೆ ಹೊರಳಿಸಿ, ಜೀಪು ತೆಗೆಯಿರಿ ಎಂದು ಕೂಗಿದರು. ಒಬ್ಬರು 108ಕ್ಕೆ ಕರೆ ಮಾಡಲು ಮೊಬೈಲ್ ತೆಗೆದರು. ನಾನು ಒಂದೆರಡು ಹೆಜ್ಜೆ ಮುಂದಿಟ್ಟು ನಿಂತೆ. ಬಿದ್ದವನಿಗೆ ಎಲ್ಲರಿಗಿಂತ ಹತ್ತಿರದಲ್ಲಿದ್ದ ಒಬ್ಬ ಯುವಕ ಮಾತ್ರ ಗೋಡೆಗೆ ಒರಗಿ ಕದಲದೆ ನಿಂತುಬಿಟ್ಟಿದ್ದರು. ಅರ್ಧ ನಿಮಿಷ ಕಳೆದಿರಬಹುದು. ಹಿರಿಯ ತರಬೇತುದಾರರು ಒಳಗಿನಿಂದ ಬಂದು ಚಪ್ಪಾಳೆ ತಟ್ಟಿ, ಇದು ಪ್ರಾತ್ಯಕ್ಷಿಕೆ, ಗಾಬರಿಯಾಗಬೇಡಿ ಎಂದರು. ಬಿದ್ದವನು ಎದ್ದು ಕುಳಿತ. ಅಲ್ಲಿಗೇ ಮುಗಿದಿದ್ದರೂ ನಾನು ಆಕ್ಷೇಪಿಸುತ್ತಿದ್ದೆ. ಆದರೆ ಒಳಗೆ ಹೋಗಿ ಕುಳಿತ ಮೇಲೆ ಅವರು ಯಾರು ಎಲ್ಲಿ ನಿಂತಿದ್ದರು ಎಂಬ ನಕ್ಷೆಯನ್ನು ಹಲಗೆಯ ಮೇಲೆ ಬಿಡಿಸಿ, ಆ ಯುವಕರ ಕಡೆ ಕೈ ತೋರಿಸಿ, ಅತಿ ಹತ್ತಿರದಲ್ಲಿದ್ದವರೇ ಕದಲಲಿಲ್ಲ, ನಾವು ನಿನ್ನೆ ಓದಿದ್ದು ಇದನ್ನೇ ಎಂದರು. ಕೆಲವರು ನಕ್ಕರು. ಆ ಯುವಕರು ತಲೆ ತಗ್ಗಿಸಿ ಕುಳಿತರು, ಮಧ್ಯಾಹ್ನದ ಊಟಕ್ಕೆ ಬರಲಿಲ್ಲ. ಅವರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ. ಬರೆಯಬಹುದೇ ಎಂದು ಅವರನ್ನು ಕೇಳಿದ್ದೇನೆ, ಇಷ್ಟಕ್ಕೆ ಒಪ್ಪಿದ್ದಾರೆ.

ನೋಂದಣಿ ಪತ್ರದಲ್ಲಿ "ಕಾರ್ಯಾಗಾರದಲ್ಲಿ ಪ್ರಾಯೋಗಿಕ ಚಟುವಟಿಕೆಗಳು ಇರುತ್ತವೆ" ಎಂಬ ಸಾಲಿಗೆ ನಾವೆಲ್ಲ ಸಹಿ ಹಾಕಿದ್ದೆವು, ಅದೇ ಸಮ್ಮತಿ ಎಂದು ತರಬೇತುದಾರರು ವಾದಿಸಿದರು. ಅದು ಸಮ್ಮತಿಯಲ್ಲ. ಮುಂದಾಗಿ ತಿಳಿಸಿದರೆ ವರ್ತನೆಯೇ ಬದಲಾಗುತ್ತದೆ, ಆದ್ದರಿಂದ ಈ ಬಗೆಯ ಅಧ್ಯಯನದಲ್ಲಿ ಏನನ್ನಾದರೂ ಮರೆಮಾಚದೆ ಗತಿಯಿಲ್ಲ ಎಂಬ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಅದಕ್ಕೂ ಒಂದು ದಾರಿ ಇದೆ: "ಈ ಎರಡು ದಿನಗಳಲ್ಲಿ ಒಮ್ಮೆ ನಿಮಗೆ ನಿಜವಲ್ಲದ ಒಂದು ಸನ್ನಿವೇಶ ಎದುರಾಗಬಹುದು, ಅದು ಯಾವುದೆಂದು ಈಗ ಹೇಳಲಾಗದು, ಬೇಡವಾದವರು ತಿಳಿಸಿ" ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬಹುದು. ಮರೆಮಾಚುವುದಕ್ಕೇ ಸಮ್ಮತಿ ಕೇಳುವ ಈ ಕ್ರಮ ಅವರದೇ ಕೈಪಿಡಿಯಲ್ಲಿ ಇದೆ. ಅಮೆರಿಕದ ಮನೋವಿಜ್ಞಾನ ಸಂಘದ ನೀತಿಸಂಹಿತೆಯೂ ಅಲ್ಲಿದೆ: ತೀವ್ರ ಮಾನಸಿಕ ಯಾತನೆ ಉಂಟಾಗಬಹುದೆಂದು ನಿರೀಕ್ಷಿಸಬಹುದಾದ ಸಂಶೋಧನೆಯಲ್ಲಿ ಸುಳ್ಳು ಹೇಳಲೇಬಾರದು, ಉಳಿದ ಕಡೆ ಹೇಳಿದ ಸುಳ್ಳನ್ನು ಆದಷ್ಟು ಬೇಗ ಬಿಡಿಸಿ ತಿಳಿಸಬೇಕು, ತನ್ನ ಮಾಹಿತಿಯನ್ನು ಹಿಂದಕ್ಕೆ ಪಡೆಯುವ ಅವಕಾಶವನ್ನು ಭಾಗವಹಿಸಿದವನಿಗೆ ಕೊಡಬೇಕು. ಯಾತನೆಯನ್ನು ನಿರೀಕ್ಷಿಸಬಹುದಾಗಿತ್ತೇ? ಮಡಿಕೇರಿಯ ಸುತ್ತಮುತ್ತಲ ಗುಡ್ಡಗಳು 2018ರ ಆಗಸ್ಟಿನಲ್ಲಿ ಜಾರಿದವು. ಮಕ್ಕಂದೂರು, ಜೋಡುಪಾಲ, ನಾವು ಕುಳಿತಿದ್ದ ಗಾಳಿಬೀಡಿನ ಸುತ್ತಲ ಊರುಗಳು, ಮರುವರ್ಷ ವಿರಾಜಪೇಟೆ ಕಡೆಯ ತೋರ. ಈ ಜಿಲ್ಲೆಯ 22 ಜನರನ್ನು ಒಂದು ಜಗಲಿಯಲ್ಲಿ ನಿಲ್ಲಿಸಿದರೆ, ಕಣ್ಣೆದುರು ಒಬ್ಬರು ಕುಸಿದದ್ದನ್ನೋ, ಕೈಚಾಚಿಯೂ ಹಿಡಿಯಲಾಗದೆ ಹೋದದ್ದನ್ನೋ ಕಂಡವರು ಅವರಲ್ಲಿ ಇರುತ್ತಾರೆ ಎಂದು ಎಣಿಸಿಯೇ ಕೆಲಸ ಶುರುಮಾಡಬೇಕು. ಹೊರಗಿನಿಂದ ಬಂದವರು ಅದನ್ನು ಕೇಳಿರಲಿಲ್ಲ.

ನಿಜ ತಿಳಿಸುವ ಕೆಲಸಕ್ಕೆ ಡಿಬ್ರೀಫಿಂಗ್ ಎನ್ನುತ್ತಾರೆ. ಚಪ್ಪಾಳೆ ತಟ್ಟಿ "ಇದು ನಾಟಕ" ಎಂದರೆ ಡಿಬ್ರೀಫಿಂಗ್ ಮುಗಿಯಿತು ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ, ನಾನೂ ಹಾಗೆಯೇ ಕಲಿಸಿದ್ದೇನೆ. ಬಿದ್ದವನದು ನಾಟಕವಾಗಿತ್ತು, ನಿಂತವರದು ನಾಟಕವಾಗಿರಲಿಲ್ಲ. ಅವನು ಎದ್ದು ಬಟ್ಟೆ ಕೊಡವಿಕೊಂಡಾಗ ಅವನ ಪಾಲಿನದು ಮುಗಿಯಿತು, ಆದರೆ "ನಾನು ಕದಲಲಿಲ್ಲ" ಎಂಬುದು ಆ ಯುವಕರ ಪಾಲಿಗೆ ನಿಜವಾಗಿಯೇ ಉಳಿಯಿತು. ತನ್ನ ಬಗ್ಗೆ ತಾನು ಕೇಳದೇ ಇದ್ದ ಒಂದು ಸಂಗತಿಯನ್ನು ಒಬ್ಬ ಮನುಷ್ಯನ ಕೈಗೆ ಕೊಟ್ಟ ಮೇಲೆ, ಅದನ್ನು ಹೊರಲು ಅವನಿಗೆ ನೆರವಾಗುವುದು ಕೊಟ್ಟವರ ಕರ್ತವ್ಯ. ಅದನ್ನು ಖಾಸಗಿಯಾಗಿ, ಒಬ್ಬೊಬ್ಬರೊಡನೆ ಕುಳಿತು ಮಾಡಬೇಕು: ಸ್ತಬ್ಧರಾಗುವುದು ಅಸಹಜವಲ್ಲ, ಹೇಡಿತನವೂ ಅಲ್ಲ, ಜನರ ನಡುವೆ ನಿಂತಾಗ ಯಾರಾದರೂ ಹೀಗೆ ಆಗಬಹುದೆಂದು ತೋರಿಸುವುದಕ್ಕೇ ಈ ಅಧ್ಯಯನಗಳು ಹುಟ್ಟಿದ್ದು ಎಂದು ತಿಳಿಸಬೇಕು, ಒಂದೆರಡು ದಿನಗಳ ನಂತರ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಬೇಕು. ಅದಕ್ಕೆ ಬದಲಾಗಿ ಆಗಿದ್ದು ಕ್ಯೂ ಗಾರ್ಡನ್ಸಿನ ಜನರಿಗೆ ಪತ್ರಿಕೆ ಮಾಡಿದ್ದೇ. ಹಿಂದಿನ ದಿನ ಬೆಳಿಗ್ಗೆ ನಡುಗುವ ಕೈಗಳ ಬಗ್ಗೆ ಅಷ್ಟು ಚೆನ್ನಾಗಿ ಕಲಿಸಿದ ಸಂಸ್ಥೆಯೇ ಇದನ್ನು ಮಾಡಿತೆಂಬುದು ನನಗೆ ನೋವು ತಂದಿತು.

ಊಟಕ್ಕೆ ಮೊದಲು ನಾವು ಆರು ಜನ ಇದನ್ನು ಎತ್ತಿದೆವು. ಬೆಳಗಿನ ಉಪನ್ಯಾಸಕಿ ನಡುವೆ ಮಾತನಾಡದೆ ಪೂರ್ತಿ ಕೇಳಿಸಿಕೊಂಡರು, ಹಲಗೆಯ ಮೇಲಿನ ನಕ್ಷೆಯನ್ನು ತಾವೇ ಅಳಿಸಿದರು, ಆ ಯುವಕರನ್ನು ಹುಡುಕಿಕೊಂಡು ತೋಟದ ಕಡೆಗೆ ಹೋದರು. ಅವರಿಬ್ಬರ ನಡುವೆ ಏನು ಮಾತಾಯಿತೆಂದು ನಾನು ಕೇಳಿಲ್ಲ. ಮಧ್ಯಾಹ್ನದ ಅವಧಿಯ ಮೊದಲಿಗೆ ಅವರು ಎಲ್ಲರ ಮುಂದೆ ಕ್ಷಮೆ ಕೇಳಿದರು. ಪ್ರಾತ್ಯಕ್ಷಿಕೆ ನಡೆಸಿದ ಹಿರಿಯರು ಕೇಳಲಿಲ್ಲ. ಎರಡನ್ನೂ ಬರೆಯುವುದು ನ್ಯಾಯ.

ಸುಳ್ಳು ಹೇಳದೆ, ಯಾರನ್ನೂ ಬೀಳಿಸದೆ ಈ ವಿಷಯವನ್ನು ಅಧ್ಯಯನ ಮಾಡುವ ದಾರಿಗಳ ಬಗ್ಗೆ ಆ ಮಧ್ಯಾಹ್ನ ನಡೆದ ಚರ್ಚೆ, ಉತ್ಸಾಹ ಸ್ವಲ್ಪ ಕುಂದಿದ್ದರೂ, ಉಪಯುಕ್ತವಾಗಿತ್ತು. ಆಮ್‌ಸ್ಟರ್‌ಡ್ಯಾಂ, ಲ್ಯಾಂಕಾಸ್ಟರ್ ಮತ್ತು ಕೇಪ್ ಟೌನ್ ನಗರಗಳ ಬೀದಿ ಕ್ಯಾಮೆರಾಗಳಲ್ಲಿ ದಾಖಲಾಗಿದ್ದ 219 ನಿಜ ಜಗಳಗಳನ್ನು ಪರಿಶೀಲಿಸಿದ ರಿಚರ್ಡ್ ಫಿಲ್ಪಾಟ್ ಮತ್ತು ಸಂಗಡಿಗರಿಗೆ, ಶೇಕಡಾ 91ರಲ್ಲಿ ಸುತ್ತಲಿದ್ದವರಲ್ಲಿ ಒಬ್ಬರಾದರೂ ನಡುವೆ ಬಂದದ್ದು ಕಂಡಿತು. ಯಾರನ್ನೂ ಮೋಸಗೊಳಿಸಲಿಲ್ಲ, ಯಾವ ಜಗಳವನ್ನೂ ಹುಟ್ಟುಹಾಕಲಿಲ್ಲ. ಆದರೆ ಕ್ಯಾಮೆರಾದಲ್ಲಿ ಸಿಕ್ಕಿದವರ ಖಾಸಗಿತನದ ಪ್ರಶ್ನೆ ಉಳಿಯುತ್ತದೆ. ಮೆಲ್ ಸ್ಲೇಟರ್ ಅವರ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆರ್ಸೆನಲ್ ಫುಟ್‌ಬಾಲ್ ತಂಡದ 40 ಅಭಿಮಾನಿಗಳನ್ನು ವರ್ಚುವಲ್ ರಿಯಾಲಿಟಿಯ ಪಬ್ಬಿನಲ್ಲಿ ನಿಲ್ಲಿಸಿ, ಕಲ್ಪಿತ ಪಾತ್ರವೊಂದರ ಮೇಲೆ ಇನ್ನೊಂದು ಪಾತ್ರ ಏರಿಹೋಗುವಾಗ ಅವರೇನು ಮಾಡುತ್ತಾರೆಂದು ನೋಡಲಾಯಿತು. ಎದುರಿಗಿರುವುದು ನಿಜವಲ್ಲ ಎಂದು ಭಾಗವಹಿಸಿದವರಿಗೆ ಗೊತ್ತಿರುವುದರಿಂದ ಭಾರ ಕಡಿಮೆ, ಆದರೂ ದೇಹ ಮತ್ತು ಮನಸ್ಸು ಪ್ರತಿಕ್ರಿಯಿಸುತ್ತವೆ. ನಮ್ಮಂಥ ಕಾಲೇಜುಗಳಿಗೆ ಅಷ್ಟು ಖರ್ಚಿನ ಉಪಕರಣ ದೂರದ ಮಾತು. ಹೆಚ್ಚು ಹತ್ತಿರವಾದ ವಿಷಯವನ್ನು ಎತ್ತಿದವರು ಆಪ್ತಸಮಾಲೋಚಕರೊಬ್ಬರು: ಸಂಪಾಜೆ ಘಾಟಿಯಲ್ಲಿ ಅಪಘಾತ ಕಂಡು ವಾಹನ ನಿಲ್ಲಿಸದವರನ್ನು ಕೇಳಿದರೆ ಪೊಲೀಸ್ ಠಾಣೆ, ಕೋರ್ಟಿನ ಅಲೆದಾಟದ ಭಯ ಎನ್ನುತ್ತಾರೆ, ನೆರವಾದವರನ್ನು ರಕ್ಷಿಸಲು ಕರ್ನಾಟಕ ತನ್ನದೇ ಕಾನೂನು ಮಾಡಿದೆ, ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ 134ಎ ಕಲಂ ಸೇರಿದೆ, ಇದು ಎಷ್ಟು ಚಾಲಕರಿಗೆ ತಿಳಿದಿದೆ ಎಂದು ಕೇಳುವ ಸಮೀಕ್ಷೆಗೆ ಯಾರೂ ಬೀಳಬೇಕಾಗಿಲ್ಲ. ಇಡೀ ಕೋಣೆ ಅದಕ್ಕೆ ತಲೆದೂಗಿತು.

ಕೊನೆಯ ಅವಧಿಯಲ್ಲಿ, ಸಂಶೋಧನೆಯ ಪ್ರಸ್ತಾವಗಳನ್ನು ಮೊದಲೇ ಪರಿಶೀಲಿಸುವ ನೈತಿಕ ಸಮಿತಿಯ ಅಣಕು ಸಭೆ ನಡೆಯಿತು. ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯಂತೆ ಇಂಥ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಸಂಶೋಧನೆಯ ಲೋಕಕ್ಕೆ ಸೇರದ ಒಬ್ಬ ಸಾಮಾನ್ಯ ವ್ಯಕ್ತಿಯೂ ಇರಬೇಕು. ಆ ಸಾಮಾನ್ಯ ವ್ಯಕ್ತಿಯ ಪಾತ್ರಕ್ಕೆ ಹೋಂಸ್ಟೇಯ ಅಡುಗೆಯವರನ್ನು ಕೇಳಿ ಒಪ್ಪಿಸಿ ಕೂರಿಸಿದ್ದು ಒಳ್ಳೆಯ ಆಲೋಚನೆ, ಅವರ ಪ್ರಶ್ನೆಗಳು ನಮ್ಮೆಲ್ಲರ ಪ್ರಶ್ನೆಗಳಿಗಿಂತ ನೇರವಾಗಿದ್ದವು. ಸಮಯ ಮಾತ್ರ ಸಾಲಲಿಲ್ಲ. ಊಟದ ಬಗ್ಗೆ ದೂರಿಲ್ಲ: ಮೊದಲ ದಿನ ನೂಲ್‌ಪುಟ್ಟು, ಎರಡನೆಯ ದಿನ ಅಕ್ಕಿ ಒಟ್ಟಿ, ಸಸ್ಯಾಹಾರಿಗಳಿಗೆ ಬೇರೆ ಪಲ್ಯಗಳು. ಮೊಬೈಲ್ ಸಂಪರ್ಕ ಜಗಲಿಯ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತಿತ್ತು. 108ಕ್ಕೆ ಕರೆ ಮಾಡಲು ಹೊರಟವರ ಕರೆ ಹೋಗದೆ ಉಳಿದದ್ದೂ ಅದರಿಂದಲೇ. ಆ ಕರೆ ಹೋಗಿದ್ದರೆ, ನಿಜವಾಗಿ ಬೇಕಾದ ಇನ್ನೊಂದು ಕಡೆಯಿಂದ ಒಂದು ಆಂಬ್ಯುಲೆನ್ಸ್ ಈ ಗುಡ್ಡ ಹತ್ತಿ ಬರುತ್ತಿತ್ತು.

ಹೋಗಬಹುದೇ ಎಂದು ಸಹೋದ್ಯೋಗಿಗಳು ಕೇಳುತ್ತಿದ್ದಾರೆ. ಮೊದಲ ದಿನಕ್ಕಾಗಿ ಖಂಡಿತ ಹೋಗಬಹುದು, ವಿಷಯ ಗೊತ್ತಿರುವವರಿಗೂ ಅದು ಹೊಸದನ್ನು ಕೊಡುತ್ತದೆ. ವಿದ್ಯಾರ್ಥಿಗಳನ್ನು ಕಳಿಸುವವರು ನೋಂದಣಿಗೆ ಮೊದಲು ಎರಡು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ: ಮುಂದಾಗಿ ತಿಳಿಸದ ಪ್ರಾತ್ಯಕ್ಷಿಕೆ ಇದೆಯೇ, ಇದ್ದರೆ ಅದರ ನಂತರ ಒಬ್ಬೊಬ್ಬರೊಡನೆ ಕುಳಿತು ಮಾತನಾಡುವವರು ಯಾರು. ನನ್ನ ಪತ್ರಕ್ಕೆ ಉತ್ತರವಾಗಿ ನೋಂದಣಿ ಪತ್ರವನ್ನು ಬದಲಿಸುತ್ತಿರುವುದಾಗಿ ಸಂಸ್ಥೆ ಬರೆದಿದೆ. ಹೊಸ ಪತ್ರ ನನಗೆ ಇನ್ನೂ ತಲುಪಿಲ್ಲ.

ಆ ನಾಲ್ವರು ವಿದ್ಯಾರ್ಥಿಗಳಿಗೆ ಸುರಂಗ ರೈಲಿನ ಪ್ರಬಂಧವನ್ನು ಪೂರ್ತಿ ಓದಲು ಕೊಟ್ಟೆ, ಜಗಲಿಯಲ್ಲಿ ನಾನು ಎರಡು ಹೆಜ್ಜೆ ಇಟ್ಟು ನಿಂತದ್ದನ್ನೂ ಹೇಳಿದೆ. ಬಸ್ ನಿಲ್ದಾಣದ ಯೋಜನೆಯನ್ನು ಅವರೇ ಕೈಬಿಟ್ಟರು. ಈಗ ಅವರು ಗೋಣಿಕೊಪ್ಪಲಿನ ಆಟೋ ಮತ್ತು ಜೀಪು ಚಾಲಕರಲ್ಲಿ ಒಪ್ಪಿದವರನ್ನು ಮಾತ್ರ ಮಾತನಾಡಿಸುತ್ತಿದ್ದಾರೆ. ರಸ್ತೆಯಲ್ಲಿ ಬಿದ್ದವರನ್ನು ಆಸ್ಪತ್ರೆಗೆ ಸೇರಿಸಿದ ಅನುಭವ, ಸೇರಿಸದೆ ಮುಂದೆ ಹೋದ ಅನುಭವ ಎರಡನ್ನೂ ಕೇಳುತ್ತಾರೆ. ಸಮ್ಮತಿ ಪತ್ರದ ಎರಡನೆಯ ಸಾಲು ಹೀಗಿದೆ: "ನೀವು ನಿಲ್ಲಿಸದೆ ಹೋದ ದಿನದ ಬಗ್ಗೆ ಹೇಳಲು ಮನಸ್ಸಿಲ್ಲದಿದ್ದರೆ ಹೇಳಬೇಡಿ, ಹೇಳಿದರೆ ನಾವು ಅದನ್ನು ನಿಮ್ಮ ವಿರುದ್ಧ ಎಲ್ಲಿಯೂ ಬರೆಯುವುದಿಲ್ಲ." ಮೊನ್ನೆಯವರೆಗೆ ಹನ್ನೊಂದು ಚಾಲಕರು ಮಾತನಾಡಿದ್ದಾರೆ.